ಕೋಣದ ಬಂದೂಕು ಮತ್ತು ಒಂದು ‘ಬಿಡಿ’

ಆಕೆ ನಮ್ಮ ಕಾರ್ಯಾಗಾರದ ಬಾಗಿಲು ತಳ್ಳಿಕೊಂಡು ಬಂದವರೇ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಮಾತು. ಆಫ್ರಿಕಾದ ಕಾಡುಕೋಣ ಹೊಡೆಯುವ ಬಂದೂಕು ಬೇಕು, ನಿಮ್ಮಲ್ಲಿ ಎಷ್ಟು ದೊಡ್ಡದಿದೆ? ನಾನು ತಲೆ ಎತ್ತಿ ನೋಡಿದೆ. ಐವತ್ತು ದಾಟಿದ ಹೆಂಗಸು, ನನ್ನ ಭುಜದಷ್ಟು ಎತ್ತರ, ಹಣೆಯಲ್ಲಿ ಸಾಸಿವೆಯಷ್ಟು ಕುಂಕುಮ, ಕಾಲಲ್ಲಿ ಒಣಗಿದ ಕೆಸರು ಮೆತ್ತಿದ ಬೂಟು. ನನ್ನ ಬಾಯಿಂದ “ಅಯ್ಯೋ ದೇವ್ರೆ” ಎಂಬುದು ಜಾರಿಬಿಟ್ಟಿತು.

“ದೇವ್ರನ್ನ ಆಮ್ಯಾಲೆ ಕರೀರಿ, ಮೊದಲ ಬಂದೂಕ ತೋರಸ್ರಿ” ಎಂದರು ಆಕೆ, ಅಚ್ಚ ವಿಜಯಪುರದ ಕನ್ನಡದಲ್ಲಿ.

ಆಸ್ಟಿನ್‌ನ ಹೊರವಲಯದ ನಮ್ಮ ಅಂಗಡಿಯಲ್ಲಿ ಬಂದೂಕು ರಿಪೇರಿ ಮಾಡುತ್ತೇವೆ, ಗಿರಾಕಿಯ ಮೈಕಟ್ಟಿಗೆ ತಕ್ಕಂತೆ ಅದರ ಮರವನ್ನು ಹೊಂದಿಸಿಕೊಡುತ್ತೇವೆ. ಗುಂಡಿನ ಅಂಗಡಿಯಲ್ಲಿ ಕೆಲಸ ಎಂದು ಹೇಳಿದ್ದಕ್ಕೆ ಮೈಸೂರಿನ ನನ್ನ ಅಮ್ಮ ಬಹಳ ದಿನ ನಾನು ಬಾರಿನಲ್ಲಿ ಗ್ಲಾಸು ತೊಳೆಯುತ್ತೇನೆ ಎಂದೇ ನಂಬಿದ್ದರು. ಜಿಂಕೆ ಬೇಟೆಯ ಟೆಕ್ಸಾಸ್ ರೈತರು, ದ ಡೊಮೇನ್ ಕಡೆಯ ಸಾಫ್ಟ್‌ವೇರ್ ಆಫೀಸುಗಳಿಂದ ಕುತೂಹಲಕ್ಕೆ ಬರುವ ನಮ್ಮ ಬೆಂಗಳೂರು ಹುಡುಗರು, ಇವರೇ ನಮ್ಮ ಗಿರಾಕಿಗಳು. ಕೋಣ ಕೇಳಿಕೊಂಡು ಬಂದ ಕನ್ನಡದ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು. 2016ರ ಹೊಸ ವರ್ಷ ಆಗಷ್ಟೇ ಶುರುವಾಗಿತ್ತು.

ಆಕೆ ಭೂವಿಜ್ಞಾನಿ. ಹ್ಯೂಸ್ಟನ್‌ನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನಲ್ಲಿ ತೈಲ ಕಂಪನಿಯೊಂದರ ಕೆಲಸ. ಆಗಸ್ಟಿನಲ್ಲಿ ಸಹೋದ್ಯೋಗಿಗಳ ಜೊತೆ ಟಾಂಜಾನಿಯಾಕ್ಕೆ ಬೇಟೆಗೆ ಹೊರಟಿದ್ದರು. ಯಾಕೆ ಮೇಡಂ ಈ ಉಸಾಬರಿ ಎಂದು ಕೇಳಿದೆ.

“ಇಷ್ಟ ವರ್ಷ ಬರೇ ಕಲ್ಲ ನೋಡೀನ್ರಿ. ಕಲ್ಲ ಓಡೂದಿಲ್ಲ, ಕೋಡ ಹಚ್ಚಿ ಹಾಯೂದೂ ಇಲ್ಲ. ಹಾಯೂದನ್ನ ಒಮ್ಮೆ ಎದರಿಗೆ ನಿಂತು ನೋಡಬೇಕು ಅನಸೇತಿ. ಮತ್ತ ಮೇಡಂ ಅನಬ್ಯಾಡ್ರಿ. ಆಂಟಿ ಅಂತೂ ಅನ್ನಲೇ ಬ್ಯಾಡ್ರಿ. ಅಕ್ಕ ಅನ್ರಿ.”

ಒಳಗಿನ ಕೋಣೆಯಿಂದ ನಮ್ಮ ಬಾಸ್ ಬಂದರು. ಟೆಕ್ಸಾಸಿನವರೇ, ಮಾತು ಕಡಿಮೆ, ಹತ್ತಾರು ಸಲ ಆಫ್ರಿಕಾ ನೋಡಿ ಬಂದವರು. ಅಕ್ಕನನ್ನು ಕೂರಿಸಿಕೊಂಡು ಅವರು ಮೊದಲು ಬಂದೂಕಿನ ಮಾತೇ ಎತ್ತಲಿಲ್ಲ. ಕಾಡುಕೋಣ ಗುಂಡು ತಿಂದ ಕೂಡಲೇ ಬೀಳುವ ಪ್ರಾಣಿಯಲ್ಲ, ಗುಂಡು ನಾಲ್ಕು ಬೆರಳು ಆಚೀಚೆ ಬಿದ್ದರೆ ಅದು ದಟ್ಟ ಪೊದೆ ಸೇರಿ ಅಲ್ಲೇ ತಿರುಗಿ ನಿಂತು ಕಾಯುತ್ತದೆ ಎಂದರು. ಗಾಯಗೊಂಡದ್ದನ್ನು ಹಾಗೇ ಬಿಟ್ಟು ಬರುವಂತಿಲ್ಲ. ಹೆಜ್ಜೆ ನೋಡಿಕೊಂಡು ಮೊದಲು ಪೊದೆಯೊಳಗೆ ಹೋಗಬೇಕಾದವನು ಗುಂಡು ಹೊಡೆದವನಲ್ಲ, ಜಾಡು ಹಿಡಿಯುವ ಟ್ರ್ಯಾಕರ್. ಅವನ ಕೈಯಲ್ಲಿ ಬಂದೂಕೂ ಇರುವುದಿಲ್ಲ.

“ಅಂದ್ರ ನಾ ತಪ್ಪಿದರ ಇನ್ನೊಬ್ಬರ ಮನಿ ಮಂದಿ ಅಳಬೇಕು” ಎಂದು ಅಕ್ಕ ನನ್ನ ಕಡೆ ತಿರುಗಿ ಹೇಳಿದರು.

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಬಾಸ್ ತಲೆಯಾಡಿಸಿ ತಮ್ಮ ನಿಯಮ ಹೇಳಿದರು. ಊಟದ ತಟ್ಟೆಯಷ್ಟು ಅಗಲದ ಉಕ್ಕಿನ ಬಿಲ್ಲೆಯನ್ನು ಅಂಗಡಿಯ ಹಿಂದಿನ ಬಯಲಿನಲ್ಲಿ ಐವತ್ತು ಗಜ ದೂರ ನೇತುಹಾಕುತ್ತೇವೆ. ಮೂರು ಕಾಲಿನ ಊರುಗೋಲಿಗೆ ಬಂದೂಕು ಆನಿಸಿ, ನಿಂತುಕೊಂಡು ಹೊಡೆಯಬೇಕು, ಒಂದು ಗುಂಡೂ ಬಿಲ್ಲೆಯಿಂದ ಆಚೆ ಹೋಗಬಾರದು. ಅದಾಗದಿದ್ದರೆ ಬಂದೂಕು ಅಂಗಡಿಯಿಂದ ಹೊರಗೆ ಹೋಗುವುದಿಲ್ಲ, ನೀವು ಟಾಂಜಾನಿಯಾಕ್ಕೂ ಹೋಗಬೇಡಿ. ಬಂದೂಕು ಆರಿಸಿ ಹೊಂದಿಸುವ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದರು. ಕೊನೆಗೆ ಒಂದು ಸಲಹೆ ಕೊಟ್ಟರು: .375 ಸಾಕು. ಗುಂಡಿನ ಅಡ್ಡಳತೆ ಇಂಚಿನ ಲೆಕ್ಕದಲ್ಲಿ ಅಷ್ಟು, ಇಂಥ ಅಪಾಯದ ಬೇಟೆಗೆ ಅಲ್ಲಿನ ಕಾನೂನು ಒಪ್ಪುವ ಕನಿಷ್ಠ ಗಾತ್ರ ಅದು, ಆದರೆ ಸಾಕು.

“ನಾ ಗಿಡ್ಡ ಅದೀನಿ ಅಂತ ಗಿಡ್ಡ ಬಂದೂಕ ಕೊಡಾಕ ಹತ್ಯಾರೇನು?” ಎಂದರು ಅಕ್ಕ. ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ನನಗೂ ದೊಡ್ಡದರ ಮೇಲೇ ಆಸೆಯಿತ್ತು. ಜಿಂಕೆಯ ಬಂದೂಕುಗಳ ಮರ ಉಜ್ಜಿ ಉಜ್ಜಿ ಬೇಸತ್ತವನಿಗೆ ಕೋಣದ ಬಂದೂಕಿಗೆ ಕೈಹಾಕುವ ಯೋಗ ಬಂದಿದೆ, ಅದು ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದಲ್ಲವೇ?

ಅದೇ ತಿಂಗಳು ಡಾಲಸ್‌ನಲ್ಲಿ ಬೇಟೆಗಾರರ ದೊಡ್ಡ ಪ್ರದರ್ಶನವಿತ್ತು. ಇಬ್ಬರೂ ಹೋದೆವು. ಆ ಸಭಾಂಗಣದೊಳಗೆ ಕಾಲಿಟ್ಟಾಗ ನನಗೆ ದಸರಾ ವಸ್ತುಪ್ರದರ್ಶನಕ್ಕೆ ಬಿಟ್ಟ ಮಗುವಿನ ಹಾಗಾಯಿತು. ಸಾಲು ಸಾಲು ಮಳಿಗೆ, ಸಾಲು ಸಾಲು ಬಂದೂಕು. ಎರಡು ನಳಿಗೆಯವು, ಒಂದು ನಳಿಗೆಯವು, ಬೆಳ್ಳಿಯ ಕೆತ್ತನೆಯವು. ಅಕ್ಕ ಒಂದೊಂದನ್ನೂ ಎತ್ತಿ ಭುಜಕ್ಕಿಟ್ಟು ನೋಡುತ್ತಿದ್ದರೆ ಮಾರುವವರು ಮೊದಲು ನಗುತ್ತಿದ್ದರು, ಆಮೇಲೆ ಆಕೆ ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕಲು ತಡವರಿಸುತ್ತಿದ್ದರು. ಸಂಜೆಯ ಹೊತ್ತಿಗೆ ಆಕೆಯ ಮನಸ್ಸು ಒಂದು .458ರ ಮೇಲೆ ನಿಂತಿತು. ತೋಟಾ ನನ್ನ ನಡುಬೆರಳಿನಷ್ಟು ಉದ್ದ, ಹೆಚ್ಚುಕಡಿಮೆ ಅಷ್ಟೇ ದಪ್ಪ. ಕೈಯಲ್ಲಿ ಹಿಡಿದಾಗ ಇಬ್ಬರ ಮುಖವೂ ಅರಳಿತು.

“ಇದು” ಎಂದರು ಅಕ್ಕ.

“ಇದೇ” ಎಂದೆ ನಾನು.

ಆ ರಾತ್ರಿ ಡಾಲಸ್ ಪಕ್ಕದ ಕಾಪೆಲ್‌ನಲ್ಲಿರುವ ಆಕೆಯ ತಂಗಿಯ ಮನೆಯಲ್ಲಿ ಊಟ. ಉದ್ದನೆಯ ಪೆಟ್ಟಿಗೆಯನ್ನು ಕಾರಿನಲ್ಲಿ ಬಿಡಲು ಮನಸ್ಸಾಗದೆ ಒಳಗೆ ತಂದು ಗೋಡೆಗೆ ಒರಗಿಸಿದೆವು. ತಂಗಿಯ ಮಗಳು ಅದನ್ನು ಸುತ್ತ ಬಂದು ನೋಡಿ, “ಇಸ್ ಇಟ್ ಎ ವೀಣಾ?” ಎಂದು ಕೇಳಿದಳು. “ಹೌದವಾ, ಕೋಣನ ಮುಂದ ಬಾರಿಸೂ ಕಿನ್ನರಿ ಇದು” ಎಂದರು ಅಕ್ಕ. ತಂಗಿ ಮಾತ್ರ ನಗಲಿಲ್ಲ, ಜೋಳದ ರೊಟ್ಟಿ ಬಡಿಸುತ್ತಾ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

ಬಂದೂಕು ಆಸ್ಟಿನ್‌ಗೆ ಬಂತು. ಸ್ಟಾಕ್, ಅಂದರೆ ಭುಜಕ್ಕೆ ಒರಗುವ ಮರದ ಭಾಗ, ದೊಡ್ಡ ಗಂಡಸಿನ ಅಳತೆಯದು. ಅಕ್ಕನ ಕೈಗೆ ಅದು ಉದ್ದವಾಯಿತು. ಅದನ್ನು ಕತ್ತರಿಸಿ ಹೊಂದಿಸುವ ತನಕ ತಾಳಿ ಎಂದೆ. ಒಂದೇ ಒಂದು ಹೊಡೆದು ನೋಡುತ್ತೇನೆ ಎಂದು ಆಕೆ ಹಟ ಹಿಡಿದರು. ಮರ ಉದ್ದವಾದ್ದರಿಂದ ಕುತ್ತಿಗೆ ಮುಂದೆ ಚಾಚಿ, ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣು ಹಚ್ಚಿದರು. ಕುದುರೆ, ಅಂದರೆ ಟ್ರಿಗರ್, ಎಳೆದರು. ಬಂದೂಕು ಹಿಂದಕ್ಕೆ ಒದ್ದ ರಭಸಕ್ಕೆ ದುರ್ಬೀನಿನ ಅಂಚು ಬಂದು ಹುಬ್ಬಿನ ಮೇಲೆ ಬಡಿಯಿತು. ಕುಂಕುಮದ ಪಕ್ಕದಲ್ಲೇ ರಕ್ತದ ಅರ್ಧಚಂದ್ರ ಮೂಡಿತು. ಅಕ್ಕ ಅತ್ತವರಲ್ಲ, “ಛೊಲೊ ಒದೀತೈತಿ” ಎಂದು ಕರವಸ್ತ್ರ ಒತ್ತಿಕೊಂಡರು ಅಷ್ಟೆ. ಆದರೆ ಭಯ ಅಂದೇ ಒಳಗೆ ಹೊಕ್ಕಿತ್ತು, ಅದು ಇಬ್ಬರಿಗೂ ಗೊತ್ತಾದದ್ದು ಆಮೇಲೆ.

ಮುಂದಿನ ವಾರಗಳಲ್ಲಿ ನಾನು ಆ ಬಂದೂಕಿನ ಸೇವೆಗೆ ನಿಂತೆ. ಹಳೆಯ ಮರ ತೆಗೆದು, ಒಳ್ಳೆಯ ಆಕ್ರೋಟದ ಮರದ ತುಂಡು ಆರಿಸಿ ಹೊಸ ಸ್ಟಾಕ್ ಕಡೆದೆ. ಹೆಗಲಿನಿಂದ ಬೆರಳಿನವರೆಗೆ ಅಳೆದು, ಕೆನ್ನೆ ಒರಗುವ ಜಾಗವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆತ್ತಿದೆ. ದುರ್ಬೀನನ್ನು ಮುಂದಕ್ಕೆ ಸರಿಸಿದೆ. ಎಣ್ಣೆ ತಿಕ್ಕಿದ ಮೇಲೆ ಮರದ ಎಳೆಗಳು ಬೆಂಕಿಯ ಹಾಗೆ ಎದ್ದು ಕಂಡವು. ನಾನು ಮಾಡಿದ ಕೆಲಸಗಳಲ್ಲೇ ಅದು ಚೆನ್ನಾದದ್ದು, ಅದನ್ನು ನೋಡಿ ನೋಡಿ ಹಿಗ್ಗುತ್ತಿದ್ದೆ.

ಹೊಡೆದಾಗ ಮಾತ್ರ ಗುಂಡು ಬಿಲ್ಲೆಯ ಕೆಳಗಿನ ಮಣ್ಣು ಹಾರಿಸುತ್ತಿತ್ತು.

ಕಾರಣ ತಿಳಿಯಲು ಹಳೆಯ ಉಪಾಯವೊಂದಿದೆ. ಆಕೆಗೆ ಕಾಣದ ಹಾಗೆ ನಾನೇ ತುಂಬಿ ಕೊಡುತ್ತಾ, ನಡುವೆ ಒಂದು ಖಾಲಿ ತೋಟಾ ಸೇರಿಸಿದೆ. ಅಕ್ಕ ಕುದುರೆ ಎಳೆದರು. ಸದ್ದಿಲ್ಲ, ಒದೆತವಿಲ್ಲ, ಟಿಕ್ ಎಂದಿತು ಅಷ್ಟೆ. ಆದರೂ ನಳಿಗೆಯ ಮೂತಿ ಕಾಳು ಕುಕ್ಕುವ ಕೋಳಿಯ ಹಾಗೆ ಕೆಳಗೆ ಕುಕ್ಕಿತು, ಆಕೆಯ ಕಣ್ಣು ಮುಚ್ಚಿತ್ತು. ಒದೆತ ಬರುತ್ತದೆ ಎಂಬ ಹೆದರಿಕೆಯಲ್ಲಿ ಮೈ ಮುಂಚೆಯೇ ಬೆಚ್ಚುತ್ತಿತ್ತು.

ಒದೆತವನ್ನೇ ಕಡಿಮೆ ಮಾಡೋಣ ಎಂದು ನಳಿಗೆಯ ತುದಿಗೆ ಹೊಗೆಯನ್ನು ಪಕ್ಕಕ್ಕೆ ಚಿಮ್ಮಿಸುವ ತೂತುಗಳ ಬಳೆ ಹಾಕಿದೆ. ಒದೆತ ಇಳಿಯಿತು, ಸದ್ದು ಮಾತ್ರ ಪಕ್ಕದಲ್ಲಿ ನಿಂತ ನನ್ನ ಕಿವಿ ಗುಂಯ್ ಎನ್ನಿಸಿತು. ಕಾಡಿನಲ್ಲಿ ಪಕ್ಕಕ್ಕೆ ಯಾರು ನಿಂತಿರುತ್ತಾರೆ ಎಂದು ಅಕ್ಕ ಕೇಳಿದರು. ಟ್ರ್ಯಾಕರ್ ಎಂದೆ. “ತಗೀರಿ ಇದನ್ನ. ಅವರ ಜೀವಾ ಉಳಸಾಕ ಹೋಗಿ ಕಿವಿ ಕಳ್ಯೂದೇನು?” ಬಳೆ ತೆಗೆದೆ. ಸ್ಟಾಕಿನೊಳಗೆ ಸೀಸ ತುಂಬಿ ಭಾರ ಹೆಚ್ಚಿಸಿದೆ. ಒದೆತ ಕಡಿಮೆಯಾಯಿತು, ಆದರೆ ಬಂದೂಕು ಎತ್ತಿ ನಿಲ್ಲುವಷ್ಟರಲ್ಲಿ ನಳಿಗೆ ಭಾರಕ್ಕೆ ವಾಲತೊಡಗಿತು. ಬಾಸ್ ದೂರದಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿದ್ದರು.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆದದ್ದು ಇದು. ಸೀಸ ತೆಗೆದು ಮತ್ತೆ ಬಯಲಿಗೆ ಬಂದಿದ್ದೆವು. ಅಕ್ಕ ಊರುಗೋಲಿಗೆ ಬಂದೂಕು ಆನಿಸಿ ಗುರಿ ಹಿಡಿದರು. ಹಿಡಿದೇ ಇದ್ದರು. ಬೆರಳು ಕುದುರೆಯ ಮೇಲಿದೆ, ಎಳೆಯಲು ಆಗುತ್ತಿಲ್ಲ. ಕೈ ಸೋಲುತ್ತಿದೆ, ಉಸಿರು ಕಟ್ಟುತ್ತಿದೆ. ಈ ಸ್ಥಿತಿಯಲ್ಲಿ ಹೊಡೆಯುವುದು ಬೇಡ, ಇಳಿಸಿ ಸುಧಾರಿಸಿಕೊಳ್ಳಲಿ ಎಂದು ನಾನು ಮೆಲ್ಲಗೆ, ಮೈಸೂರಿನಲ್ಲಿ ನಾವು ಹೇಳುವ ಹಾಗೆ, “ಬಿಡಿ ಅಕ್ಕ” ಎಂದೆ.

ಬಂದೂಕು ಗುಡುಗಿತು. ಹಿಂದೆಯೇ ಟಣ್ ಎಂದಿತು.

ಬಿಲ್ಲೆ ತೂಗಾಡುತ್ತಿತ್ತು. ದುರ್ಬೀನಿನಲ್ಲಿ ನೋಡಿದರೆ ಸೀಸದ ಗುರುತು ನಟ್ಟನಡುವೆ. ಅಕ್ಕ ಬಂದೂಕಿನಿಂದ ಕೆನ್ನೆ ತೆಗೆದು ನನ್ನನ್ನು ನೋಡಿದರು.

“ನಾನು ಬಂದೂಕು ಇಳಿಸಿ ಅಂದಿದ್ದು” ಎಂದೆ.

“ಬಿಡಿ ಅಂದ್ರಿ. ಬಿಟ್ಟೆ.”

ಬಾಸ್ ಲೋಟ ಕೆಳಗಿಟ್ಟು ಬಂದರು. ಏನಾಯಿತು ಎಂದು ವಿವರಿಸಿದಾಗ ಮೊದಲು ನನಗೆ ಸರಿಯಾಗಿ ಬೈದರು. ಬಂದೂಕಿನ ಬಯಲಿನಲ್ಲಿ ಎರಡು ಅರ್ಥದ ಮಾತು ಆಡಬಾರದು, ನಳಿಗೆ ಬಿಲ್ಲೆಯ ಕಡೆಗೇ ಇತ್ತು ಎಂಬ ಕಾರಣಕ್ಕೆ ಬಚಾವಾದೆವು ಎಂದರು. ಅದು ನಿಜವೇ. ಬೈದು ಮುಗಿದ ಮೇಲೆ ಬಿಲ್ಲೆಯ ಕಡೆ ನೋಡಿ, ಈಕೆ ಈ ಸಲ ಯಾಕೆ ಬೆಚ್ಚಲಿಲ್ಲ ಎಂದು ಕೇಳಿದರು.

ಅಕ್ಕ ಉತ್ತರ ಹುಡುಕುತ್ತಾ ಬಯಲಿನ ಅಂಚಿಗೆ ಹೋಗಿ ಬಂದರು. ಆಮೇಲೆ ನನಗೆ ಹೇಳಿದ್ದು ಕವಣೆಯ ಕಥೆ. ಸಣ್ಣವರಿದ್ದಾಗ ಜೋಳ ಹಾಲು ತುಂಬುವ ಕಾಲಕ್ಕೆ ಹಕ್ಕಿ ಕಾಯಲು ಹೊಲದ ನಡುವಿನ ಅಟ್ಟ ಹತ್ತುತ್ತಿದ್ದರಂತೆ. ಹಗ್ಗದ ಕವಣೆಯಲ್ಲಿ ಕಲ್ಲಿಟ್ಟು ತಲೆಯ ಮೇಲೆ ಗಿರಗಿರ ತಿರುಗಿಸುವುದು ಇವರ ಕೆಲಸ. ಹಿಂದೆ ನಿಂತ ಅಜ್ಜಿ “ಬಿಡು” ಎಂದಾಗ ಬೆರಳು, ಅವರ ಮಾತಿನಲ್ಲಿ ಬಟ್ಟು, ಸಡಿಲಿಸಬೇಕು.

“ನಾನ ವಿಚಾರ ಮಾಡಿ ಬಿಟ್ಟರ ಕಲ್ಲ ನಮ್ಮ ತೆನಿಗೇ ಬೀಳತಿತ್ರಿ. ಅಜ್ಜಿ ಅಂತಿದ್ಳು, ಕಲ್ಲ ದೂಡಬ್ಯಾಡ, ನೀ ಹಕ್ಕಿ ನೋಡು, ಬಿಡು ಅಂದ ಕೂಡ್ಲೆ ಬಟ್ಟ ತಾನ ಬಿಡತೈತಿ ಅಂತ. ಈಗ ನೀವ ಅಂದ್ರಲ್ಲ, ಬಟ್ಟ ತಾನ ಬಿಡ್ತು. ನಂಗ ಗೊತ್ತ ಆಗ್ಲಿಲ್ಲ.”

ಗೊತ್ತಾಗದೆ ಹೊಡೆದದ್ದರಿಂದಲೇ ಬೆಚ್ಚಲಿಲ್ಲ. ನನ್ನ ಮೈ ಜುಮ್ಮೆಂದಿತು. ಮತ್ತೊಮ್ಮೆ ತುಂಬಿದೆವು. ಆಕೆ ಗುರಿ ಹಿಡಿದರು, ನಾನು ಈ ಸಲ ಬೇಕೆಂದೇ “ಬಿಡಿ” ಎಂದೆ. ಟಣ್. ನಾನು ಕುಣಿಯುವುದೊಂದು ಬಾಕಿ. ಮೂರನೆಯದು ಬಿಲ್ಲೆಯ ಅಂಚು ಸವರಿತು. ಮುಂದಿನದು ಮಣ್ಣಿಗೆ ಹೋಯಿತು. ಅಕ್ಕನ ಭುಜ ಅಷ್ಟರಲ್ಲಿ ಕಪ್ಪಗೆ ಕಂದಿತ್ತು, ಹೆದರಿಕೆ ಮತ್ತೆ ಬಂದು ಅಲ್ಲಿ ಕುಳಿತಿತ್ತು. ದಾರಿ ಸಿಕ್ಕಿದೆ, ಆದರೆ ಆ ದಾರಿ ಮೈಗೆ ಹತ್ತುವಷ್ಟು ಅಭ್ಯಾಸ ಮಾಡಲು ಈ ಬಂದೂಕು ಬಿಡುವುದಿಲ್ಲ. ಎರಡು ಗುಂಡಿಗೇ ಭುಜ ಸಾಕೆನ್ನುವ ಬಂದೂಕನ್ನು ಇಟ್ಟುಕೊಂಡು ನೂರು ಗುಂಡಿನ ಪಾಠ ಕಲಿಯುವುದು ಹೇಗೆ?

ನಾನು ಕಡೆದ ಮರ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲಿಂದ ಕಣ್ಣು ಕಿತ್ತು ಹೇಳಿದೆ.

“ಅಕ್ಕ, ಇದನ್ನ ಬಿಟ್ಬಿಡೋಣ.”

“ಇದು ಯಾವ ಬಿಡೂದು?”

“ಮೈಸೂರಿಂದು. ಇದು ಬೇಡ. ತ್ರೀ ಸೆವೆಂಟಿಫೈವ್ ತಗೊಳ್ಳೋಣ.”

ಆಕೆ ಬಂದೂಕನ್ನು ಬೆಂಚಿನ ಮೇಲೆ ಮಲಗಿಸಿ ಮರವನ್ನು ಒಮ್ಮೆ ಸವರಿದರು. “ನಿಮಗ ಇದರ ಮ್ಯಾಲೆ ಭಾಳ ಜೀವ ಇತ್ತು” ಎಂದರು.

“ಇತ್ತು. ಟ್ರ್ಯಾಕರ್‌ಗೆ ತಮ್ಮ ಜೀವದ ಮೇಲೆ ಅದಕ್ಕಿಂತ ಜಾಸ್ತಿ ಆಸೆ ಇರುತ್ತೆ.”

ಅಕ್ಕ ನಕ್ಕರು. “ಆತ್ರಿ. ಗಿಡ್ಡಕ್ಕ ಗಿಡ್ಡ ಬಂದೂಕನ ಇರ್ಲಿ.” ಬಾಸ್‌ಗೆ ಇದನ್ನು ತಿರುಗಿಸಿ ಹೇಳಬೇಕಾಗಲಿಲ್ಲ. ಅವರು ಆಗಲೇ ಅಂಗಡಿಯ ಕಡೆ ಹೊರಟಿದ್ದರು, ತಮ್ಮದೇ ಹಳೆಯ .375 ತರಲು. ಅದು ಮೊದಲ ದಿನದಿಂದ ಒಳಕೋಣೆಯಲ್ಲಿ ಕಾಯುತ್ತಿತ್ತಂತೆ.

ಅಲ್ಲಿಂದ ಆಗಸ್ಟಿನವರೆಗೆ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಹೊಸ ಸ್ಟಾಕ್ ಕಡೆದೆ. ಈ ಸಲ ಮರದ ಚೆಂದ ನೋಡಲಿಲ್ಲ, ಆಕೆಯ ಕೆನ್ನೆಯ ಮೂಳೆ ಎಲ್ಲಿ ಕೂರುತ್ತದೆ ಎಂಬುದಷ್ಟೇ ನೋಡಿದೆ. ಹುಬ್ಬಿಗೆ ಎಂದೂ ತಾಗದಷ್ಟು ಮುಂದೆ ಚಿಕ್ಕ ದುರ್ಬೀನು ಕೂರಿಸಿದೆ. ಒದೆತ ಇದರಲ್ಲೂ ಇತ್ತು, ಆದರೆ ತಳ್ಳಿದ ಹಾಗೆ, ಗುದ್ದಿದ ಹಾಗಲ್ಲ. ಬಾಸ್ ಆಜ್ಞೆಯಂತೆ ಮಾತುಗಳನ್ನೂ ಗೊತ್ತುಪಡಿಸಿಕೊಂಡೆವು. ಹೊಡೆಯಲು “ಬಿಡು”. ನಿಲ್ಲಿಸಲು “ಬ್ಯಾಡ”. ಬಹುವಚನ, ಮರ್ಯಾದೆ, ಅಕ್ಕ, ಯಾವುದೂ ಇಲ್ಲ. ನನಗಿಂತ ಹಿರಿಯ ಹೆಂಗಸಿಗೆ “ಬಿಡು” ಎನ್ನಲು ಮೊದಮೊದಲು ನಾಲಗೆ ಹೊರಳುತ್ತಿರಲಿಲ್ಲ.

“ಅಜ್ಜಿ ಆಗ್ರಿ” ಎಂದರು ಆಕೆ. “ನಮ್ಮಜ್ಜಿ ಯಾರಿಗೂ ಬಹುವಚನ ಹಚ್ಚಿದಾಕಿ ಅಲ್ಲ.”

ವಾರದ ದಿನಗಳಲ್ಲಿ ಅಭ್ಯಾಸ ಫೋನಿನ ಮೇಲೆ. ಅದಕ್ಕಾಗಿ ಬಾಸ್ ತಮ್ಮ ನಿಯಮ ಸಡಿಲಿಸಿ, ತೋಟಾ ಇಲ್ಲದ ಬಂದೂಕನ್ನು ಮನೆಗೆ ಒಯ್ಯಲು ಒಪ್ಪಿದ್ದರು. ದ ವುಡ್‌ಲ್ಯಾಂಡ್ಸ್‌ನ ಮನೆಯಲ್ಲಿ ಅಕ್ಕ ಖಾಲಿ ಬಂದೂಕು ಹಿಡಿದು, ಫೋನು ಸ್ಪೀಕರಿಗೆ ಹಾಕಿ, ಗ್ಯಾರೇಜಿನ ಗೋಡೆಯ ಮೇಲಿನ ಚುಕ್ಕೆಗೆ ಗುರಿ ಇಡುತ್ತಿದ್ದರು. ಆಸ್ಟಿನ್‌ನಲ್ಲಿ ನಾನು ಕೆಲಸದ ಮೇಜಿನ ಮುಂದೆ ಕುಳಿತು ಒಮ್ಮೆ ಬೇಗ, ಒಮ್ಮೆ ತಡವಾಗಿ, ಆಕೆ ಊಹಿಸಲಾಗದ ಹಾಗೆ “ಬಿಡು” ಎನ್ನುತ್ತಿದ್ದೆ. ಅತ್ತ ಟಿಕ್ ಎನ್ನುತ್ತಿತ್ತು. ನಡುವೆ “ಬ್ಯಾಡ” ಎಂದರೆ ಟಿಕ್ ಎನ್ನಬಾರದು. ಬರಬರುತ್ತಾ ನಾನು ಹೇಳುವುದನ್ನು ಕಡಿಮೆ ಮಾಡಿದೆ, ಆಕೆ ಒಳಗೊಳಗೇ ಹೇಳಿಕೊಳ್ಳತೊಡಗಿದರು. ಕಾಡಿನಲ್ಲಿ ನಾನಿರುವುದಿಲ್ಲವಲ್ಲ. ಶನಿವಾರಗಳಲ್ಲಿ ಬಯಲಿಗೆ ಬಂದು ನಿಜವಾದ ತೋಟಾ ಹೊಡೆಯುತ್ತಿದ್ದರು. ಭುಜ ಸಾಕೆನ್ನುವ ಮೊದಲೇ ಮುಗಿಸಿ, ನಗುತ್ತಾ ಮನೆಗೆ ಹೋಗುತ್ತಿದ್ದರು.

ಜುಲೈ ಕೊನೆಗೆ ಬಾಸ್ ಪರೀಕ್ಷೆ ಇಟ್ಟರು. ನನಗೆ ಬಾಯಿ ತೆರೆಯಕೂಡದು ಎಂದರು. ಅಕ್ಕ ನಿಂತರು, ಆನಿಸಿದರು, ತುಟಿ ಮಾತ್ರ ಸಣ್ಣಗೆ ಅಲುಗಿತು. ಟಣ್. ಬೋಲ್ಟ್ ಎಳೆದು ಮತ್ತೆ ತುಂಬಿದರು. ಟಣ್. ಬಾಸ್ ತೋಟಾಗಳ ನಡುವೆ ಗುಟ್ಟಾಗಿ ಖಾಲಿಯದೊಂದನ್ನು ಸೇರಿಸಿದ್ದರು. ಟಿಕ್ ಎಂದಿತು, ನಳಿಗೆ ಕಲ್ಲಿನ ಹಾಗೆ ನಿಂತಿತ್ತು. ನನ್ನ ಕಣ್ಣು ಒದ್ದೆಯಾಯಿತು. ಬಾಸ್ ಟೋಪಿ ಸರಿಮಾಡಿಕೊಂಡು, ಹೋಗಿ ಬನ್ನಿ ಎಂದರು.

ಆಗಸ್ಟಿನಲ್ಲಿ ಆಕೆ ಹೊರಟ ಮೇಲೆ ಅಂಗಡಿಯಲ್ಲಿ ನಾನು ಫೋನು ಕೆಳಗಿಡಲಿಲ್ಲ. ಬೇಟೆಯ ಬಿಡಾರದಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಕೊನೆಗೂ ಮೆಸೇಜ್ ಬಂತು. ಒಂದೇ ಪದ.

“ಬಿಟ್ಟೆ.”

ಬಾಸ್ ಏನಂತೆ ಎಂದು ಕೇಳಿದರು. ಗುಂಡು ಬಿಟ್ಟರೋ, ಕೋಣವನ್ನೇ ಬಿಟ್ಟರೋ? ಗೊತ್ತಾಗುತ್ತಿಲ್ಲ ಎಂದೆ. ನಿಮ್ಮದೆಂಥ ಭಾಷೆ ಮಾರಾಯ ಎನ್ನುವ ಹಾಗೆ ಅವರು ಮುಖ ಮಾಡಿದರು. ನಾನು ಕೂಡಲೇ ಫೋನು ಮಾಡಿದೆ. ಅದೃಷ್ಟಕ್ಕೆ ಸಿಕ್ಕಿತು, ಗಾಳಿಯ ಸದ್ದಿನ ನಡುವೆ ಅಕ್ಕನ ನಗು.

“ಯಾವ ಬಿಡೋದು ಅಕ್ಕ?”

“ಎರಡೂ ಹೌದ್ರಿ. ಮೊದಲನೇದು ಭಾರೀ ಕೋಣ ಇತ್ತು. ಹೊಡೀರಿ ಅಂತ ನಮ್ಮನ್ನ ಕರಕೊಂಡ ಹೋದ ಬೇಟೆಗಾರ ಅಂದ್ರು. ಅದರ ಹಿಂದ ಒಂದ ಎಮ್ಮಿ ನಿಂತಿತ್ತು. ಗುಂಡ ದಾಟಿ ಹೋದ್ರ ಅದಕ್ಕೂ ಗಾಯ. ನಂಗ ನಾನ ಬ್ಯಾಡ ಅಂದೆ. ಬಂದೂಕ ಇಳಿಸಿದೆ. ಇವತ್ತ ಮುಂಜಾನೆ ಇನ್ನೊಂದು ಸಿಕ್ತು, ಮುದುಕ, ಒಬ್ಬಂಟಿ. ಅಜ್ಜಿ ಬಿಡು ಅಂದ್ಳು.”

“ಎಷ್ಟು ದೂರ ಓಡ್ತು?”

“ಪೊದಿ ಮುಟ್ಟಲಿಲ್ಲ.”

ಗಾಳಿ ಬಂದು ಮಾತು ಸ್ವಲ್ಪ ಹೊತ್ತು ಕಡಿಯಿತು. ಆಮೇಲೆ ಆಕೆ ದನಿ ತಗ್ಗಿಸಿ ಹೇಳಿದರು: “ಟ್ರ್ಯಾಕರ್ ಇಲ್ಲೇ ಅದಾರ, ನನ್ನ ಬಾಜೂಕ ಕುಂತು ಉಣ್ಣಾಕ ಹತ್ಯಾರ. ಅವರಿಗೆ ಮೂರು ಮಕ್ಕಳಂತ್ರಿ.”

ನಾನು ಬಾಸ್ ಕಡೆ ತಿರುಗಿ, ಟ್ರ್ಯಾಕರ್ ಊಟ ಮಾಡುತ್ತಿದ್ದಾರೆ ಎಂದಷ್ಟೇ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು.